ಎಷ್ಟು ಹೊತ್ತಿನ ಅಶ್ವಶಕ್ತಿ?

ಮಣಿಪಾಲದಲ್ಲಿ ಟರ್ಬೊ ಕಾರು ಇಟ್ಟುಕೊಂಡಿರುವ ಯುವಕರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಕಂಪನಿಯವರು ಎಂಜಿನ್ನಿನ ನಿಜವಾದ ಬಲವನ್ನು ಬೇಕೆಂದೇ ಅದುಮಿಟ್ಟು ಮಾರುತ್ತಾರೆ; ಇಸಿಯು ಎಂಬ ಕಂಪ್ಯೂಟರಿನಲ್ಲಿರುವ ಅಂಕಿಗಳನ್ನು ತಿದ್ದಿಸಿದರೆ ಅದು ತಾನಾಗಿ ಹೊರಬರುತ್ತದೆ ಎಂಬುದೇ ಆ ನಂಬಿಕೆ. ಇದರಲ್ಲಿ ಅರ್ಧ ನಿಜವಿದೆ. ಎಂಜಿನ್ ತಾನು ಕೊಡುವುದಕ್ಕಿಂತ ಹೆಚ್ಚು ಕೊಡಬಲ್ಲದು, ಹೌದು. ಆದರೆ ಆ ಉಳಿಕೆಯನ್ನು ಯಾರಿಗೂ ಬೇಡವಾಗಿ ಬಿಟ್ಟಿದ್ದಾರೆ ಎಂದುಕೊಳ್ಳುವಲ್ಲಿ ಲೆಕ್ಕ ತಪ್ಪುತ್ತದೆ. ಅದನ್ನು ಬಿಟ್ಟದ್ದು ನಮ್ಮ ಏಪ್ರಿಲ್ ತಿಂಗಳಿಗಾಗಿ, ನಮ್ಮ ಆಗುಂಬೆ ಘಾಟಿಗಾಗಿ, ಯಾವುದೋ ಪಂಪಿನಲ್ಲಿ ಸಿಗುವ ಮಧ್ಯಮ ಗುಣಮಟ್ಟದ ಪೆಟ್ರೋಲಿಗಾಗಿ, ಎಂಟು ವರ್ಷ ಹಳತಾದ ರೇಡಿಯೇಟರಿಗಾಗಿ. ಅದನ್ನು ಬಳಸಿಕೊಳ್ಳುವವನು ಈ ಎಲ್ಲದರ ಹೊಣೆಯನ್ನೂ ತಾನೇ ಹೊರಬೇಕಾಗುತ್ತದೆ.

ಹೆಚ್ಚು ಬಲ ಪಡೆಯುವುದು ಈಗ ಕಷ್ಟದ ಕೆಲಸವಾಗಿ ಉಳಿದಿಲ್ಲ. ಮೊದಲ ಮಾರುತಿ 800ರ ಎಂಜಿನ್ ಕೊಡುತ್ತಿದ್ದುದು ಸುಮಾರು 40 ಅಶ್ವಶಕ್ತಿ. ಇವತ್ತು 999 ಸಿಸಿಯ ಮೂರು ಸಿಲಿಂಡರಿನ ಟರ್ಬೊ ಎಂಜಿನ್ ಶೋರೂಮಿನಿಂದ ಹೊರಡುವಾಗಲೇ 115ರಿಂದ 120 ಪಿಎಸ್ ಕೊಡುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಇಲ್ಲಿಯೂ ಇರುವುದು. ಹೊಗೆಕೊಳವೆಯಲ್ಲಿ ವ್ಯರ್ಥವಾಗಿ ಹೋಗುವ ಬಿಸಿ ಅನಿಲದಿಂದ ಟರ್ಬೈನ್ ಎಂಬ ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಕಂಪ್ರೆಸರ್ ಎಂಬ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವುದು. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಬಲ ಬರುತ್ತದೆ. 1980ರ ದಶಕದ ಫಾರ್ಮುಲಾ ಒನ್‌ನಲ್ಲಿ ಒಂದೂವರೆ ಲೀಟರಿನ ಟರ್ಬೊ ಎಂಜಿನ್ನುಗಳು ಅರ್ಹತಾ ಸುತ್ತಿನಲ್ಲಿ ಸಾವಿರ ಅಶ್ವಶಕ್ತಿ ದಾಟುತ್ತಿದ್ದವು. ಕೆಲವೇ ಸುತ್ತುಗಳಲ್ಲಿ ಅವುಗಳ ಆಯುಸ್ಸು ಮುಗಿಯುತ್ತಿತ್ತು, ಮರುದಿನದ ರೇಸಿಗೆ ಬೇರೆ ಎಂಜಿನ್ ಕೂರಿಸುತ್ತಿದ್ದರು. ಆದ್ದರಿಂದ ಎಷ್ಟು ಅಶ್ವಶಕ್ತಿ ಎಂಬ ಪ್ರಶ್ನೆಗೆ ಎಷ್ಟು ಹೊತ್ತು ಎಂಬ ಇನ್ನೊಂದು ಪ್ರಶ್ನೆಯನ್ನು ಸೇರಿಸದೆ ಉತ್ತರ ಕೊಡುವಂತಿಲ್ಲ ಎಂಬುದು ನನ್ನ ವಾದ.

ಈ ತಿಳಿವಳಿಕೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಮಣಿಪಾಲದಿಂದ ಗುಡ್ಡ ಇಳಿದು ಉಡುಪಿ ದಾಟಿದರೆ ಮಲ್ಪೆ ಬಂದರು. ಅಲ್ಲಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳು ದಿನಗಟ್ಟಲೆ ಕಡಲಿನಲ್ಲೇ ಇರುತ್ತವೆ. ಬೋಟಿನ ಡೀಸೆಲ್ ಎಂಜಿನ್ ತಯಾರಿಸುವ ಕಂಪನಿಗಳು ಒಂದೇ ಎಂಜಿನ್ನಿಗೆ ಬೇರೆ ಬೇರೆ ಅಶ್ವಶಕ್ತಿಯನ್ನು ನಮೂದಿಸುತ್ತವೆ. ಹಗಲು ರಾತ್ರಿ ನಿಲ್ಲದೆ ಓಡಬೇಕಾದರೆ ಒಂದು ಅಂಕಿ. ದಿನಕ್ಕೆ ಕೆಲವು ಗಂಟೆ ಪೂರ್ತಿ ಭಾರ ಹೊರುವುದಾದರೆ ಅದಕ್ಕಿಂತ ದೊಡ್ಡದು. ವರ್ಷಕ್ಕೆ ಕೆಲವೇ ನೂರು ಗಂಟೆ ಓಡುವ ವಿಹಾರದ ದೋಣಿಗಾದರೆ ಇನ್ನೂ ದೊಡ್ಡದು. ಬ್ಲಾಕ್ ಒಂದೇ, ಕ್ರ್ಯಾಂಕ್ ಒಂದೇ. ಬದಲಾಗುವುದು ಅದರಿಂದ ನಿರೀಕ್ಷಿಸುವ ದುಡಿಮೆಯ ಅವಧಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳ ದೊಡ್ಡ ರಿಪೇರಿಗಳು ನಡೆಯುವುದು ಆಗಲೇ. ನಡುಗಡಲಲ್ಲಿ ಎಂಜಿನ್ ನಿಂತರೆ ಏನಾಗುತ್ತದೆಂದು ಬಲ್ಲವರು ಬಲವನ್ನು ಅವಧಿಯ ಜತೆಗೇ ಅಳೆಯುತ್ತಾರೆ. ಕಾರಿನ ಜಗತ್ತು ಈ ಶಿಸ್ತನ್ನು ಕಲಿಯಬೇಕು.

ಟರ್ಬೊ ಎಂಜಿನ್ನಿನ ಎಲ್ಲ ಕಷ್ಟಗಳ ಮೂಲದಲ್ಲಿರುವುದು ಕಾವು. ಸೆಕೆಗಾಲದ ಮಧ್ಯಾಹ್ನ 35 ಡಿಗ್ರಿ ಇರುವ ಗಾಳಿಯನ್ನು ವಾತಾವರಣದ ಒತ್ತಡದ ಎರಡರಷ್ಟಕ್ಕೆ ಒತ್ತಿದರೆ, ಕಂಪ್ರೆಸರಿನ ದಕ್ಷತೆ ಶೇ 70 ಎಂದಿಟ್ಟುಕೊಂಡರೆ, ಗಾಳಿ ಸುಮಾರು 130 ಡಿಗ್ರಿಗೆ ಕಾಯುತ್ತದೆ. ಕಾದ ಗಾಳಿ ಹಿಗ್ಗುತ್ತದೆ. ಹಾಗಾಗಿ ಒತ್ತಡ ದುಪ್ಪಟ್ಟಾದರೂ ಸಿಲಿಂಡರಿಗೆ ಸೇರುವ ಗಾಳಿಯ ತೂಕ ಏರುವುದು ಒಂದೂವರೆ ಪಟ್ಟು ಮಾತ್ರ. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಆ ಹೆಚ್ಚುವರಿ ಕಾವಿನ ಶೇ 70ರಷ್ಟನ್ನು ಹೊರಹಾಕಿದರೆ ಗಾಳಿ 64 ಡಿಗ್ರಿಗೆ ಇಳಿಯುತ್ತದೆ, ತೂಕ 1.8 ಪಟ್ಟಾಗುತ್ತದೆ. ಬೂಸ್ಟ್, ಅಂದರೆ ಟರ್ಬೊ ತುರುಕುವ ಗಾಳಿಯ ಒತ್ತಡ, ಒಂದಿಷ್ಟೂ ಏರಿಸದೆ, ಬರೀ ತಂಪು ಮಾಡುವುದರಿಂದ ಸಿಕ್ಕ ಲಾಭವಿದು. ಚಳಿದೇಶದಲ್ಲಿ 20 ಡಿಗ್ರಿಯ ಗಾಳಿಯಿಂದ ಲೆಕ್ಕ ಶುರುಮಾಡಿದರೆ ಅದೇ ಇಂಟರ್‌ಕೂಲರಿನ ನಂತರ ಗಾಳಿ 48 ಡಿಗ್ರಿ ಇರುತ್ತದೆ. ಅಲ್ಲಿ ಸುರಕ್ಷಿತವಾಗಿ ಓಡಿದ ಮ್ಯಾಪನ್ನು, ಅಂದರೆ ಇಸಿಯುವಿನ ಅಂಕಿಗಳ ಪಟ್ಟಿಯನ್ನು, ಇಲ್ಲಿಗೆ ತಂದು ತುಂಬಿಸುವವರು ಈ 16 ಡಿಗ್ರಿಗಳನ್ನು ಮರೆತಿರುತ್ತಾರೆ.

ಈ 64 ಡಿಗ್ರಿಯಾದರೂ ಹೆದ್ದಾರಿಯ ಲೆಕ್ಕ. ಮಣಿಪಾಲದಿಂದ ಪರ್ಕಳ, ಹಿರಿಯಡಕ, ಹೆಬ್ರಿ ದಾಟಿ ಸೋಮೇಶ್ವರದಲ್ಲಿ ಘಾಟಿ ಹತ್ತಲು ಶುರುಮಾಡಿದ ಕಾರನ್ನು ನೋಡೋಣ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಗಾಡಿ ಎರಡನೇ ಗೇರಿನಲ್ಲಿ, ಕೆಲವೆಡೆ ಮೊದಲನೆಯದರಲ್ಲಿ ಏರುತ್ತದೆ. ಎಂಜಿನ್ ಮೇಲೆ ಭಾರ ಹೆಚ್ಚು, ವೇಗ ಕಡಿಮೆ. ವೇಗವಿಲ್ಲದ್ದರಿಂದ ಇಂಟರ್‌ಕೂಲರಿಗೆ, ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ. ಮುಂದೆ ಬಸ್ಸೊಂದು ತಿರುವಿನಲ್ಲಿ ನಿಂತರೆ ಅದರ ಬಿಸಿಯೂ ಸೇರಿಕೊಳ್ಳುತ್ತದೆ. ಒಳಹೋಗುವ ಗಾಳಿಯ ಉಷ್ಣತೆ ತಿರುವಿನಿಂದ ತಿರುವಿಗೆ ಏರುತ್ತಲೇ ಹೋಗುತ್ತದೆ. ಪೂರ್ತಿ ಭಾರದಲ್ಲಿ ಟರ್ಬೈನಿನ ಬಾಯಲ್ಲಿ ಹೊಗೆಯ ಉಷ್ಣತೆ 900 ಡಿಗ್ರಿಯನ್ನೂ ಮೀರಬಲ್ಲದು. ಇಷ್ಟೆಲ್ಲ ಆಗಿ ಮೇಲೆ ಬಂದವರು ಸೂರ್ಯಾಸ್ತ ನೋಡುವ ಅವಸರದಲ್ಲಿ ಕೀ ತಿರುಗಿಸಿ ಇಳಿದುಬಿಡುತ್ತಾರೆ. ಆ ಕ್ಷಣಕ್ಕೆ ಆಯಿಲ್ ಹರಿಯುವುದು ನಿಲ್ಲುತ್ತದೆ. ಕಾದ ಟರ್ಬೊದ ಬೇರಿಂಗಿನಲ್ಲಿ ಉಳಿದ ಆಯಿಲ್ ಸುಟ್ಟು ಕರಿಯಾಗುತ್ತದೆ. ಎಂಜಿನ್ ನಿಂತ ಮೇಲೂ ಕೂಲೆಂಟ್ ಹರಿಸುವ ಪಂಪು ಈಗಿನ ಎಷ್ಟೋ ಕಾರುಗಳಲ್ಲಿದೆ, ನಿಜ. ಹಾಗಿದ್ದರೂ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ನಿಲ್ಲಿಸುವುದಕ್ಕೆ ಖರ್ಚೇನೂ ಇಲ್ಲ. ಬಲ ಹೆಚ್ಚಿಸಿದ ಎಂಜಿನ್ನಿಗೆ ಅದು ಕಡ್ಡಾಯ.

ಕಾವು ಮಿತಿಮೀರಿದರೆ ನಾಕಿಂಗ್ ಶುರುವಾಗುತ್ತದೆ. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಬೆಂಕಿ ಮೂಲೆ ತಲುಪುವ ಮುಂಚೆಯೇ ಅಲ್ಲಿನ ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ ತಲೆಗೆ ಹೊಡೆಯುತ್ತದೆ. ಟರ್ಬೊ ಇಲ್ಲದ ಹಳೆಯ ಎಂಜಿನ್ ಇದನ್ನು ಕಟಕಟ ಸದ್ದು ಮಾಡಿ ಹೇಳಿ, ವರ್ಷಗಟ್ಟಲೆ ತಾಳಿಕೊಳ್ಳುತ್ತಿತ್ತು. ಬೂಸ್ಟ್ ಇರುವಾಗ ಕೆಲವೇ ಹೊಡೆತಗಳಿಗೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯಬಹುದು. ನೇರ ಇಂಜೆಕ್ಷನ್ನಿನ ಸಣ್ಣ ಟರ್ಬೊ ಎಂಜಿನ್ನುಗಳಿಗೆ ಇನ್ನೊಂದು ಅಪಾಯವಿದೆ: ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಅದುಮಿದಾಗ, ಪ್ಲಗ್ ಹೊತ್ತಿಸುವ ಮೊದಲೇ ಮಿಶ್ರಣ ಉರಿದುಬಿಡುವುದು. ಆಯಿಲಿನಲ್ಲಿರುವ ಕ್ಯಾಲ್ಸಿಯಂ ಅಂಶಕ್ಕೂ ಇದಕ್ಕೂ ಸಂಬಂಧವಿದೆಯೆಂದು ಗೊತ್ತಾದ ಮೇಲೆ ಆಯಿಲಿನ ಸೂತ್ರವನ್ನೇ ಬದಲಿಸಿದರು. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆ ಈ ಅಪಾಯವನ್ನು ಆಯಿಲ್ ತಡೆಯುತ್ತದೆಯೇ ಎಂಬ ಪರೀಕ್ಷೆಯನ್ನೂ ಒಳಗೊಂಡಿದೆ. ಡಬ್ಬದ ಮೇಲೆ 5ಡಬ್ಲ್ಯು-30 ಎಂದಿದ್ದರೆ ಸಾಲದು, ಈ ಎರಡಕ್ಷರವನ್ನೂ ನೋಡಬೇಕು ಎನ್ನುವುದು ಇದಕ್ಕೇ.

ಪೆಟ್ರೋಲೂ ಬದಲಾಗಿದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ದೂರುಗಳು ಬಹಳ, ಆದರೆ ಟರ್ಬೊ ಎಂಜಿನ್ನಿನ ಮಟ್ಟಿಗೆ ಅದರಲ್ಲಿ ಒಳಿತೂ ಇದೆ. ಎಥನಾಲಿನ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಹೆಚ್ಚು ಕಾವು ಹೀರುತ್ತದೆ. ಎರಡೂ ನಾಕಿಂಗನ್ನು ತಡೆಯುತ್ತವೆ. ಆದರೆ ಅದೇ ಗಾಳಿಗೆ ಶೇ 8ರಿಂದ 9ರಷ್ಟು ಹೆಚ್ಚು ಇಂಧನ ಬೇಕು. ಮೊದಲೇ ಮಿತಿಯಲ್ಲಿ ದುಡಿಯುತ್ತಿರುವ ಇಂಜೆಕ್ಟರ್ ಮತ್ತು ಪಂಪು ಅದನ್ನು ಪೂರೈಸಲಾರದೆ ಹೋದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಕಾವು ಏರಿ, ಪಿಸ್ಟನ್ ಕರಗುತ್ತದೆ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಕಾರಿಗೆ ಇದು ಸಣ್ಣ ವಿಷಯವಲ್ಲ.

ಹಾಗಾದರೆ ಬಲಿಷ್ಠವೂ ಬಾಳಿಕೆಯದೂ ಆದ ಎಂಜಿನ್ ಕಟ್ಟುವುದು ಹೇಗೆ? ಜನ ಮಾಡುವ ಕ್ರಮವನ್ನು ತಿರುವುಮುರುವು ಮಾಡಬೇಕು. ಸಾಮಾನ್ಯವಾಗಿ ಮೊದಲು ಮ್ಯಾಪ್, ಆಮೇಲೆ ದೊಡ್ಡ ಟರ್ಬೊ, ಏನಾದರೂ ಮುರಿದ ಮೇಲೆ ಪಿಸ್ಟನ್ನು, ಕೊನೆಗೆ ಕೂಲಿಂಗ್. ಸರಿಯಾದ ಕ್ರಮದಲ್ಲಿ ಮೊದಲು ಈಗಿರುವ ಎಂಜಿನ್ನಿನ ಆರೋಗ್ಯ ಪರೀಕ್ಷೆ: ಕಂಪ್ರೆಶನ್ ಟೆಸ್ಟ್, ಲೀಕ್‌ಡೌನ್ ಟೆಸ್ಟ್, ಬೂಸ್ಟ್ ಪೈಪುಗಳಲ್ಲಿ ಸೋರಿಕೆ ಇದೆಯೇ ಎಂದು ಹೊಗೆ ಹಾಯಿಸಿ ನೋಡುವುದು. ಎರಡನೆಯದು ಕೂಲಿಂಗ್ ಮತ್ತು ಆಯಿಲ್. ಮೂರನೆಯದು ಇಂಧನ, ಪೂರ್ತಿ ಭಾರದಲ್ಲೂ ಇಂಜೆಕ್ಟರ್ ತನ್ನ ಸಾಮರ್ಥ್ಯದ ಶೇ 80ರ ಆಸುಪಾಸಿನಲ್ಲಿ ಉಳಿಯಬೇಕು. ನಾಲ್ಕನೆಯದು ಪಿಸ್ಟನ್, ರಾಡ್, ಬೇರಿಂಗ್. ಮ್ಯಾಪಿಂಗ್ ಬರುವುದು ಇವೆಲ್ಲದರ ನಂತರ. ಬೂಸ್ಟ್ ಎಷ್ಟಿರಬೇಕೆಂದು ತೀರ್ಮಾನಿಸಬೇಕಾದದ್ದು ಇವುಗಳಲ್ಲಿ ತೀರ ದುರ್ಬಲವಾದದ್ದು ಯಾವುದೋ ಅದು.

ಈ ಕೆಲಸದ ನಾಜೂಕು ಎಲ್ಲಿದೆ ಎಂದು ತಿಳಿಯಲು ರಿಂಗ್ ಗ್ಯಾಪ್ ಒಂದನ್ನೇ ನೋಡಿದರೆ ಸಾಕು. ಪಿಸ್ಟನ್ ರಿಂಗ್ ಪೂರ್ತಿ ಬಳೆಯಲ್ಲ. ಅದರ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಕಾದಾಗ ರಿಂಗ್ ಹಿಗ್ಗಿ ಸಂದು ಕಿರಿದಾಗುತ್ತದೆ. ಬೂಸ್ಟ್ ಹೆಚ್ಚಿಸಿದಾಗ ಕಾವು ಹೆಚ್ಚಿ, ತುದಿಗಳು ಒಂದಕ್ಕೊಂದು ತಾಗಿದವೋ, ಮುಂದೆ ಹೋಗಲು ಜಾಗವಿಲ್ಲದೆ ರಿಂಗ್ ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಪಿಸ್ಟನ್ನಿನ ಅಂಚು ಕಿತ್ತುಬರುತ್ತದೆ. ಆದ್ದರಿಂದ 81 ಮಿಲಿಮೀಟರ್ ಬೋರಿನ ಟರ್ಬೊ ಎಂಜಿನ್ನಿಗೆ ಮೇಲಿನ ರಿಂಗಿನ ಸಂದನ್ನು ಸುಮಾರು 0.45 ಮಿಲಿಮೀಟರಿಗೆ ತರುತ್ತಾರೆ. ಪಿಸ್ಟನ್ ತಯಾರಕರು ಕೊಟ್ಟ ಅಂಕಿಯೇ ಇಲ್ಲಿ ಅಂತಿಮ. ಮೆಕ್ಯಾನಿಕ್ ರಿಂಗನ್ನು ಬೋರಿನೊಳಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದಲೇ ಸಮನಾಗಿ ತಳ್ಳಿ, ಫೀಲರ್ ಗೇಜಿನ ತೆಳು ತಗಡನ್ನು ಸಂದಿಯಲ್ಲಿ ತೂರಿಸುತ್ತಾನೆ. ಬಿಗಿಯಾಗಿದ್ದರೆ ಹೊರತೆಗೆದು, ತುದಿಯನ್ನು ಅರದಿಂದ ಒಂದೇ ದಿಕ್ಕಿನಲ್ಲಿ ಎರಡೆಳೆ ಉಜ್ಜಿ, ಚೂಪು ಅಂಚು ಸವರಿ, ಮತ್ತೆ ಇಳಿಸಿ ನೋಡುತ್ತಾನೆ. ಒಂದು ಸಿಲಿಂಡರಿಗೆ ಹೊಂದಿಸಿದ ರಿಂಗನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಹೊರಗಿನವರಿಗೆ ಕಾಣಿಸದ, ಬಿಲ್ಲಿನಲ್ಲಿ ಒಂದು ಸಾಲೂ ಸಿಗದ ಈ ಕೆಲಸದ ಮೇಲೆ ಇಡೀ ಎಂಜಿನ್ನಿನ ಆಯುಸ್ಸು ನಿಂತಿದೆ. ಅಂಥ ಕೆಲಸಕ್ಕೆ ಎರಡು ದಿನ ಹೆಚ್ಚು ಕೇಳುವ ಮೆಕ್ಯಾನಿಕನನ್ನು ನಿಧಾನಗಾರ ಎಂದು ಬಯ್ಯುವವರು ತಮ್ಮ ಹಣಕ್ಕೆ ತಾವೇ ಕೇಡು ತಂದುಕೊಳ್ಳುತ್ತಾರೆ.

ಬಲವನ್ನು ಯಾವ ಆರ್‌ಪಿಎಂನಲ್ಲಿ ಪಡೆಯುತ್ತೇವೆ ಎಂಬುದೂ ಅಷ್ಟೇ ಮುಖ್ಯ. 300 ಎನ್‌ಎಂ ಟಾರ್ಕನ್ನು 2000 ಆರ್‌ಪಿಎಂನಲ್ಲಿ ಕೊಟ್ಟರೆ ಅದು 84 ಅಶ್ವಶಕ್ತಿ. 5000ದಲ್ಲಿ ಕೊಟ್ಟರೆ 210. ಉರಿಯುವ ಅನಿಲ ಕನೆಕ್ಟಿಂಗ್ ರಾಡನ್ನು ತುಳಿಯುವ ರಭಸ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕೆಳಗಿನ ಆರ್‌ಪಿಎಂನಲ್ಲಿ ನಾಕಿಂಗಿಗೆ ಹೆಚ್ಚು ಸಮಯ ಸಿಗುತ್ತದೆ, ಪ್ಲಗ್ ಹೊತ್ತಿಸುವ ಮೊದಲೇ ಮಿಶ್ರಣ ಉರಿಯುವ ಭಯವೂ ಅಲ್ಲೇ. ‘ಪಿಕಪ್ ಬೇಕು’ ಎಂದು ಕೇಳುವ ಗಿರಾಕಿಯನ್ನು ಮೆಚ್ಚಿಸಲು ಕೆಳಗೇ ಟಾರ್ಕ್ ಸುರಿಯುವ ಮ್ಯಾಪು ರಾಡನ್ನು ಬಗ್ಗಿಸುತ್ತದೆ. ಫ್ಯಾಕ್ಟರಿಯ ಮಿತಿಯೊಳಗೇ ಇದ್ದು, ಬೂಸ್ಟನ್ನು ಮೆಲ್ಲಗೆ ಏರಿಸಿ ಬಲವನ್ನು ಮೇಲಕ್ಕೆ ಹಂಚುವ ಮ್ಯಾಪು ಮೊದಲ ಸವಾರಿಯಲ್ಲಿ ಅಷ್ಟು ರೋಮಾಂಚನ ಕೊಡದಿರಬಹುದು. ವರ್ಷಗಳ ನಂತರವೂ ಓಡುತ್ತಿರುವುದು ಅದೇ.

ಕಟ್ಟಿದ ಮೇಲೆ ಕಾಯುವ ಕೆಲಸ. ಕಂಪನಿ 10,000 ಕಿಲೋಮೀಟರಿಗೆ ಆಯಿಲ್ ಬದಲಿಸಿ ಎಂದಿದ್ದರೆ, ಬಲ ಹೆಚ್ಚಿಸಿದವರು 5,000ಕ್ಕೇ ಬದಲಿಸುವುದು ವಿವೇಕ. ಹಾಸ್ಟೆಲಿನಿಂದ ಕಾಲೇಜಿಗೆ, ಕಾಲೇಜಿನಿಂದ ಹೋಟೆಲಿಗೆ ಎಂದು ಎರಡು ಕಿಲೋಮೀಟರಿನ ಓಡಾಟವೇ ಹೆಚ್ಚಾಗಿದ್ದರೆ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಉರಿಯದ ಪೆಟ್ರೋಲ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ನೇರ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವನ್ನು ತೊಳೆಯದ ಕಾರಣ ಅಲ್ಲಿ ಮಸಿ ಕಟ್ಟುತ್ತದೆ. ಕಾಲಕಾಲಕ್ಕೆ ತೆರೆಸಿ ತೆಗೆಸಬೇಕು. ಮಣಿಪಾಲ ನಿಂತಿರುವುದೇ ಮುರಕಲ್ಲಿನ ಗುಡ್ಡದ ಮೇಲೆ. ಬೇಸಿಗೆಯಲ್ಲಿ ಏಳುವ ಕೆಂಪು ಧೂಳು ಹಗುರ ಫಿಲ್ಟರಿನ ಸಂದಿಯಿಂದ ನುಸುಳಿದರೆ, ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗುವ ಕಂಪ್ರೆಸರಿನ ಎಲೆಗಳನ್ನು ಕೊರೆಯುತ್ತದೆ. ಕಾಪು, ಮಲ್ಪೆಯ ಕಡಲಂಚಿನಲ್ಲಿ ಮನೆ ಇರುವವರ ಇಂಟರ್‌ಕೂಲರಿನ ಅಲ್ಯುಮಿನಿಯಂ ರೆಕ್ಕೆಗಳನ್ನೂ ವೈರಿಂಗಿನ ಕನೆಕ್ಟರುಗಳನ್ನೂ ಉಪ್ಪುಗಾಳಿ ತಿನ್ನುತ್ತದೆ. ತಂಪು ಗಾಳಿಗೆಂದು ಫಿಲ್ಟರನ್ನು ಬಂಪರಿನ ತಳಕ್ಕೆ ಇಳಿಸಿದವರು ಜುಲೈಯಲ್ಲಿ ನೀರು ನಿಂತ ರಸ್ತೆಗೆ ಇಳಿದರೆ ಎಂಜಿನ್ ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ನೀರು ಕುಗ್ಗುವುದಿಲ್ಲ, ರಾಡ್ ಬಗ್ಗುತ್ತದೆ.

ಮಾಲೀಕನ ಕಾಳಜಿಯ ಮೇಲೆ ಎಂಜಿನ್ ಎಷ್ಟು ಅವಲಂಬಿಸಬಹುದು ಎಂಬುದಕ್ಕೆ ಇತಿಹಾಸ ಎರಡು ಉತ್ತರ ಕೊಟ್ಟಿದೆ. ಅಮೆರಿಕದ ಓಲ್ಡ್ಸ್‌ಮೊಬಿಲ್ 1962ರಲ್ಲಿ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಿತು. ಅದರ ಕಂಪ್ರೆಶನ್ ಅನುಪಾತ 10.25ರಷ್ಟು ಹೆಚ್ಚಿತ್ತು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಬೇರೆ ಟ್ಯಾಂಕಿನಿಂದ ಸಿಂಪಡಿಸುವ ಏರ್ಪಾಡಿತ್ತು. ಬಹಳ ಮಂದಿ ಆ ಟ್ಯಾಂಕನ್ನು ತುಂಬಿಸಲೇ ಇಲ್ಲ. ತೊಂದರೆಗಳು ಹೆಚ್ಚಿ, ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಕಳಚಿಹಾಕಬೇಕಾಯಿತು. ಸ್ವೀಡನ್ನಿನ ಸಾಬ್ ಬೇರೆ ದಾರಿ ಹಿಡಿಯಿತು. ಎಂಜಿನಿಯರ್ ಪೆರ್ ಗಿಲ್‌ಬ್ರಾಂಡ್ ಮುಂದಾಳತ್ವದಲ್ಲಿ ರೂಪುಗೊಂಡು 1978ರಲ್ಲಿ ಮಾರುಕಟ್ಟೆಗೆ ಬಂದ ಸಾಬ್ 99 ಟರ್ಬೊ, ಕಂಪ್ರೆಶನ್ನನ್ನು ಇಳಿಸಿ, ಬೂಸ್ಟನ್ನು ಹದದಲ್ಲಿಟ್ಟು 145 ಅಶ್ವಶಕ್ತಿಗೆ ತೃಪ್ತಿಪಟ್ಟಿತು. ಕೆಲವೇ ವರ್ಷಗಳಲ್ಲಿ ನಾಕಿಂಗನ್ನು ಸೆನ್ಸರಿನಿಂದ ಆಲಿಸಿ ಬೂಸ್ಟನ್ನು ತಾನೇ ತಗ್ಗಿಸುವ ವ್ಯವಸ್ಥೆಯನ್ನೂ ಸಾಬ್ ಸೇರಿಸಿತು. ಇವತ್ತಿನ ಟರ್ಬೊ ಕಾರುಗಳೆಲ್ಲ ನಡೆಯುತ್ತಿರುವುದು ಈ ಎರಡನೆಯ ದಾರಿಯಲ್ಲಿ. ಕೆಟ್ಟ ಮ್ಯಾಪೊಂದು ಆ ಸೆನ್ಸರಿನ ಎಚ್ಚರಿಕೆಯನ್ನು ಕಡೆಗಣಿಸುವಂತೆ ಮಾಡಿದರೆ, ಎಂಜಿನ್ ಮತ್ತೆ 1962ಕ್ಕೆ ಹೋಗಿ ನಿಲ್ಲುತ್ತದೆ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ‘ನನ್ನ ಕಾರು, ನನ್ನ ದುಡ್ಡು, ಪೂರ್ತಿ ಬಲ ಬಳಸುವುದು ದಿನಕ್ಕೆ ಹತ್ತು ಸೆಕೆಂಡು, ಎಂಜಿನ್ ಹೋದರೆ ಇನ್ನೊಂದು ಹಾಕಿಸುತ್ತೇನೆ, ನಿಮಗೇನು?’ ಬಲದ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಂತ್ರವೊಂದನ್ನು ಬಿಚ್ಚಿ ಇನ್ನೂ ಚೆನ್ನಾಗಿ ಕಟ್ಟುವ ಹಂಬಲದಿಂದಲೇ ಒಳ್ಳೆಯ ಎಂಜಿನಿಯರುಗಳು ಹುಟ್ಟುತ್ತಾರೆ. ಆದರೆ ಸಾರ್ವಜನಿಕ ರಸ್ತೆಯಲ್ಲಿ ಕಾರು ಒಬ್ಬನದೇ ವಿಷಯವಾಗಿ ಉಳಿಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿಯ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕಾನೂನಿನ ಆಚೆಗೂ ಒಂದು ಮಾತಿದೆ. ಮಣಿಪಾಲದಲ್ಲಿ ಓದು ಮುಗಿಸಿ ಹೊರಡುವವರು ಕಾರನ್ನು ಇಲ್ಲೇ ಮಾರುವುದುಂಟು. ಮ್ಯಾಪನ್ನು ಹಿಂದಕ್ಕೆ ತಿರುಗಿಸಿ, ಏನೂ ಹೇಳದೆ ಮಾರಿದರೆ, ಕಾರ್ಕಳದಲ್ಲೋ ಕಾಪುವಿನಲ್ಲೋ ಕೂಡಿಟ್ಟ ಹಣದಲ್ಲಿ ಮೊದಲ ಕಾರು ಕೊಳ್ಳುವ ಕುಟುಂಬ ಆ ಹತ್ತು ಸೆಕೆಂಡುಗಳ ಬೆಲೆ ತೆರುತ್ತದೆ. ಬಲ ಹೆಚ್ಚಿಸುವ ಕೆಲಸಕ್ಕೆ ರೇಸ್ ಟ್ರ್ಯಾಕು, ರ‍್ಯಾಲಿ, ಸ್ಪರ್ಧೆಗಳೇ ತಕ್ಕ ಜಾಗ.

ಸ್ಪರ್ಧೆ ಎಂದರೆ ಏನೆಂದು ಮಣಿಪಾಲಕ್ಕೆ ಹೊಸದಾಗಿ ಹೇಳಿಕೊಡಬೇಕಿಲ್ಲ. 1957ರಲ್ಲಿ ಶುರುವಾದ ಇಲ್ಲಿನ ತಾಂತ್ರಿಕ ವಿದ್ಯಾಲಯ ಎಂಐಟಿಯಲ್ಲಿ ಫಾರ್ಮುಲಾ ಮಣಿಪಾಲ್ ಎಂಬ ವಿದ್ಯಾರ್ಥಿ ತಂಡವಿದೆ. ಕಾರನ್ನು ತಾವೇ ವಿನ್ಯಾಸ ಮಾಡಿ ಕಟ್ಟಿ ಓಡಿಸುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಾಗಿ ಹುಟ್ಟಿದ ತಂಡ ಅದು. ಈ ಸ್ಪರ್ಧೆಯ ಪೆಟ್ರೋಲ್ ವಿಭಾಗದಲ್ಲಿ ಎಂಜಿನ್ 710 ಸಿಸಿ ಮೀರುವಂತಿಲ್ಲ, ಎಲ್ಲ ಗಾಳಿಯೂ 20 ಮಿಲಿಮೀಟರಿನ ಒಂದೇ ಕಿಂಡಿಯ ಮೂಲಕ ಹೋಗಬೇಕು. ಟರ್ಬೊ ಹಾಕಬಹುದು, ಆದರೆ ಕಿಂಡಿ ಅದಕ್ಕಿಂತ ಮೊದಲಿರಬೇಕು. ಆ ಕಿಂಡಿಯಲ್ಲಿ ಸೆಕೆಂಡಿಗೆ ಸುಮಾರು 74 ಗ್ರಾಂಗಿಂತ ಹೆಚ್ಚು ಗಾಳಿ ಯಾವ ಉಪಾಯಕ್ಕೂ ಹಾಯುವುದಿಲ್ಲ. ಬಲಕ್ಕೆ ಪ್ರಕೃತಿನಿಯಮವೇ ಮಿತಿ ಹಾಕಿದೆ. ಇದೇ ಬಗೆಯ, ಅಮೆರಿಕದ ಎಸ್‌ಎಇ ಸ್ಪರ್ಧೆಯ ಅಂಕಗಳ ಹಂಚಿಕೆ ಇನ್ನೂ ಅರ್ಥಪೂರ್ಣ. ಒಟ್ಟು 1000ದಲ್ಲಿ ನೇರ ಓಟದ ವೇಗೋತ್ಕರ್ಷಕ್ಕೆ 100, ಸುಮಾರು 22 ಕಿಲೋಮೀಟರಿನ ಸಹನಶೀಲತೆಯ ಓಟಕ್ಕೆ 275. ಆ ಓಟದ ನಡುವೆ ಚಾಲಕ ಬದಲಾಗುತ್ತಾನೆ; ಎಂಜಿನ್ ನಿಲ್ಲಿಸಿ, ಕಾದ ಸ್ಥಿತಿಯಲ್ಲೇ ಮತ್ತೆ ಚಾಲೂ ಮಾಡಬೇಕು. ಅಲ್ಲಿ ಕೈಕೊಟ್ಟರೆ ಅಷ್ಟೂ ದಿನದ ದುಡಿಮೆಯ ಬಹುಪಾಲು ಹೋದಂತೆ. ಬಾಳಿಕೆಗೆ ವೇಗದ ಎರಡೂವರೆ ಪಟ್ಟಿಗಿಂತ ಹೆಚ್ಚು ಬೆಲೆ ಕಟ್ಟಿದ ನಿಯಮವಿದು.

ಈ ಅರಿವು ಕ್ಯಾಂಪಸ್ಸಿನ ವರ್ಕ್‌ಶಾಪಿನಲ್ಲೇ ಉಳಿಯಬಾರದು. ಉಡುಪಿಯ ಗ್ಯಾರೇಜುಗಳಲ್ಲಿ ಕೈಯಳತೆಯಲ್ಲೇ ಬೇರಿಂಗಿನ ಸವಕಳಿ ಹೇಳಬಲ್ಲ ಮೇಸ್ತ್ರಿಗಳಿದ್ದಾರೆ. ಕಾಲೇಜಿನಲ್ಲಿ ಅಳೆಯುವ ಸಲಕರಣೆ, ದಾಖಲಿಸುವ ಶಿಸ್ತು ಇದೆ. ಎರಡೂ ಸೇರಿ ಒಂದು ಸಣ್ಣ ಪದ್ಧತಿಯನ್ನು ರೂಢಿಗೆ ತರಬಹುದು: ಬಲ ಅಳೆಯುವ ಡೈನೊ ಯಂತ್ರದ ಚೀಟಿಯಲ್ಲಿ ಅಶ್ವಶಕ್ತಿಯ ಪಕ್ಕದಲ್ಲಿ ಒಳಹೋದ ಗಾಳಿಯ ಉಷ್ಣತೆ, ಬಳಸಿದ ಪೆಟ್ರೋಲ್, ಅಳೆದ ಊರು, ಸತತ ಎಷ್ಟು ಓಟಗಳ ನಂತರ ಸಿಕ್ಕ ಅಂಕಿ ಎಂಬುದನ್ನು ಬರೆಯುವುದು. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ನಮ್ಮಲ್ಲಿಗಿಂತ ಶೇ 10ರಷ್ಟು ಕಡಿಮೆ. ಟರ್ಬೊ ಹೆಚ್ಚು ತಿರುಗಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಂಡಿರುತ್ತದೆ. ಅದರ ಮೇಲೆ ಟರ್ಬೊ ಇಲ್ಲದ ಎಂಜಿನ್ನಿಗೆ ಹಾಕುವ ಎತ್ತರದ ತಿದ್ದುಪಡಿಯನ್ನೂ ಹಾಕಿದರೆ ಇಲ್ಲದ ಅಶ್ವಶಕ್ತಿ ಚೀಟಿಯಲ್ಲಿ ಮೂಡುತ್ತದೆ. ಸಂದರ್ಭ ಬರೆದಿಡದ ಅಂಕಿಯನ್ನು ನಂಬಿ ಹಣ ಸುರಿಯುವುದು ಆಗ ತಾನಾಗಿ ನಿಲ್ಲುತ್ತದೆ.

ಗ್ಯಾರೇಜಿಗೆ ಹೋಗುವ ಗಿರಾಕಿ ಮೊದಲ ಪ್ರಶ್ನೆಯನ್ನು ಬದಲಿಸಿದರೆ ಗ್ಯಾರೇಜೂ ಬದಲಾಗುತ್ತದೆ. ಎಷ್ಟು ಬಿಎಚ್‌ಪಿ ಬರುತ್ತದೆ ಎಂದು ಕೇಳಿದವನಿಗೆ ದೊಡ್ಡ ಅಂಕಿ ಮಾರುವವರು ಸಿಗುತ್ತಾರೆ. ಏಪ್ರಿಲ್ ಮಧ್ಯಾಹ್ನ ನಾಲ್ಕು ಜನರನ್ನು ಕೂರಿಸಿಕೊಂಡು, ಎಸಿ ಹಾಕಿಕೊಂಡು ಸೋಮೇಶ್ವರದಿಂದ ಆಗುಂಬೆಗೆ ಏರುವಾಗಲೂ ಬಿಸಿಯಾಗದೆ ಎಷ್ಟು ಕೊಡುತ್ತದೆ, ಅದನ್ನು ಎಷ್ಟು ವರ್ಷ ಕೊಡುತ್ತದೆ ಎಂದು ಕೇಳಿದವನಿಗೆ ಎಂಜಿನ್ ಕಟ್ಟಲು ಬಲ್ಲವರು ಸಿಗುತ್ತಾರೆ. ಆ ಅಂಕಿ ಚಿಕ್ಕದಿರಬಹುದು. ಆದರೆ ಅಷ್ಟು ಬಲ ನಿಜಕ್ಕೂ ನಮ್ಮದಾಗಿರುತ್ತದೆ.